ಐವತ್ತರ ನಂತರ ಹೊಸದಾಗಿ ಬರುವ ಸಕ್ಕರೆ ಕಾಯಿಲೆ

ಗದಗ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಬಂದವರು ಸೊರಗಿದರೆ ಯಾರೂ ಹುಬ್ಬೇರಿಸುವುದಿಲ್ಲ. "ಶುಗರ್ ಬಂದ ಮ್ಯಾಲೆ ಮೈ ಇಳಿಯೂದ ಬಿಡ್ರಿ" ಎಂದು ಮಾತು ಮುಗಿಸುತ್ತಾರೆ. ಬಹಳಷ್ಟು ಜನರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಕೆಲವೊಮ್ಮೆ ಇದೇ ಮಾತಿನ ಮರೆಯಲ್ಲಿ ಬೆಳೆಯುತ್ತದೆ.

ಎರಡನೆಯ ಬಗೆಯ (ಟೈಪ್ 2) ಮಧುಮೇಹ ಬಹಳ ವರ್ಷಗಳಿಂದ ಇರುವವರಿಗೆ ಈ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚು. ಸಂಖ್ಯೆ ಕೇಳಿ ಗಾಬರಿಯಾಗುವ ಅಗತ್ಯವಿಲ್ಲ. ನಮ್ಮ ದೇಶದಲ್ಲಿ ಈ ರೋಗ ವರ್ಷಕ್ಕೆ ಲಕ್ಷಕ್ಕೆ ಒಬ್ಬರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವುದರಿಂದ, ಅದರ ಇಮ್ಮಡಿಯೂ ಸಣ್ಣದೇ. ಇಪ್ಪತ್ತು ವರ್ಷಗಳಿಂದ ಮಾತ್ರೆ ನುಂಗುತ್ತಿರುವವರೆಲ್ಲ ಪ್ರತಿವರ್ಷ ಸ್ಕ್ಯಾನಿಂಗ್ ಮಾಡಿಸಬೇಕೆಂದು ಯಾವ ವೈದ್ಯರೂ ಹೇಳುವುದಿಲ್ಲ.

ನಾವು ಗಮನಿಸದೆ ಬಿಡುವುದು ಇದರ ತಿರುವುಮುರುವನ್ನು. ಕ್ಯಾನ್ಸರೇ ಮೊದಲು ಹುಟ್ಟಿ, ಗಡ್ಡೆಯಿಂದ ಹೊರಬೀಳುವ ಪದಾರ್ಥಗಳು ಇನ್ಸುಲಿನ್ನಿನ ಕೆಲಸವನ್ನು ಕೆಡಿಸಿ, ಸಕ್ಕರೆ ಏರುವಂತೆ ಮಾಡಬಲ್ಲವು. ಕೆಲವರಲ್ಲಿ ಗಡ್ಡೆ ತೆಗೆದ ಮೇಲೆ ಸಕ್ಕರೆ ಹತೋಟಿಗೆ ಬಂದದ್ದೂ ಉಂಟು. ಐವತ್ತು ದಾಟಿದ ಮೇಲೆ ಹೊಸದಾಗಿ ಮಧುಮೇಹ ಬಂದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಮೂರು ವರ್ಷಗಳೊಳಗೆ ಈ ಕ್ಯಾನ್ಸರ್ ಪತ್ತೆಯಾಯಿತೆಂದು ಅಮೆರಿಕದ ಮಿನೆಸೋಟಾದ ಅಧ್ಯಯನವೊಂದು 2005ರಲ್ಲಿ ತೋರಿಸಿತು. ಆ ಒಬ್ಬರನ್ನು ಗುರುತಿಸಲು 2018ರಲ್ಲಿ ರೂಪುಗೊಂಡ ಅಳತೆಗೋಲು ನೋಡುವುದು ಮೂರನ್ನೇ: ವಯಸ್ಸು, ಸಕ್ಕರೆ ಏರಿದ ವೇಗ, ತೂಕದ ಬದಲಾವಣೆ. ಸಾಮಾನ್ಯ ಮಧುಮೇಹ ಬಹುತೇಕ ತೂಕ ಹೆಚ್ಚುತ್ತಿರುವಾಗ ಬರುತ್ತದೆ. ಕ್ಯಾನ್ಸರಿನಿಂದಾಗುವುದು ತೂಕ ಇಳಿಯುತ್ತಿರುವಾಗ.

ನಮ್ಮ ದೊಡ್ಡಪ್ಪನವರಿಗೆ ಅರವತ್ತರ ಗಡಿಯಲ್ಲಿ ಸಕ್ಕರೆ ಬಂದಾಗ, ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದದ್ದರ ಫಲವೆಂದು ಅವರು ತೆಳ್ಳಗಾದದ್ದನ್ನು ಮನೆಮಂದಿಯೆಲ್ಲ ಹೊಗಳಿದೆವು. ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಹಾಕಿಕೊಂಡು, ಅದನ್ನು ಅವರೇ ಹೆಮ್ಮೆಯಿಂದ ತೋರಿಸುತ್ತಿದ್ದರು. ಮುಂದೆ ಕಣ್ಣು ಹಳದಿಯಾಯಿತು, ಮೈ ತುರಿಸತೊಡಗಿತು, ನೋವಿರಲಿಲ್ಲ. ಕಾಮಣಿ ಎಂದು ನಾಟಿ ಔಷಧಿ, ಪಥ್ಯ ನಡೆದವು. ಹುಬ್ಬಳ್ಳಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಪ್ಯಾಂಕ್ರಿಯಾಸಿನ ತಲೆಭಾಗದ ಗಡ್ಡೆ ಪಿತ್ತನಾಳವನ್ನು ಒತ್ತಿ, ರಕ್ತನಾಳಗಳನ್ನೂ ಸುತ್ತಿಕೊಂಡು, ಶಸ್ತ್ರಚಿಕಿತ್ಸೆಯ ಹಂತ ಮೀರಿತ್ತು. ಇದು ಅಪರೂಪದ ಕಥೆಯಲ್ಲ, ಪತ್ತೆಯಾದವರಲ್ಲಿ ಐದರಲ್ಲೊಬ್ಬರಿಗಷ್ಟೇ ಶಸ್ತ್ರಚಿಕಿತ್ಸೆ ಸಾಧ್ಯವಾಗುತ್ತದೆ.

ಹೊಟ್ಟೆಯ ಮಾಮೂಲಿ ಸೋನೋಗ್ರಫಿ ಸರಿಯಿದೆಯೆಂದರೆ ನಿಶ್ಚಿಂತರಾಗುವಂತಿಲ್ಲ; ಈ ಗ್ರಂಥಿ ಜಠರದ ಹಿಂದೆ ಅಡಗಿರುವುದರಿಂದ ಕರುಳಿನ ಗಾಳಿ ಅದನ್ನು ಮರೆಮಾಡುತ್ತದೆ. ಸಂಶಯವಿದ್ದಲ್ಲಿ ಔಷಧಿ ಚುಚ್ಚಿ ತೆಗೆಯುವ ಸಿ.ಟಿ. ಬೇಕು, ಅದನ್ನು ವೈದ್ಯರೇ ನಿರ್ಧರಿಸಬೇಕು. ಸಿಎ 19-9 ಎಂಬ ರಕ್ತಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುವ ಲ್ಯಾಬುಗಳಿವೆ. ಲಕ್ಷಣವಿಲ್ಲದವರಲ್ಲಿ ರೋಗ ಹುಡುಕಲು ಅದು ತಕ್ಕ ಪರೀಕ್ಷೆಯಲ್ಲ. ಬೀಡಿ, ಸಿಗರೇಟು ಮಾತ್ರವಲ್ಲ, ಬಾಯಲ್ಲಿಡುವ ತಂಬಾಕೂ ಈ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಗುಟ್ಕಾ ನಮ್ಮಲ್ಲಿ ಎಷ್ಟು ನಡೆಯುತ್ತದೆಂದು ಬೇರೆ ಹೇಳಬೇಕಿಲ್ಲ.

ವೈದ್ಯರ ಬಳಿ ಹೋಗುವಾಗ ಹಳೆಯ ತೂಕ ಬರೆದ ಚೀಟಿ, ಹಿಂದಿನ ವರ್ಷದ ಸಕ್ಕರೆಯ ರಿಪೋರ್ಟು ಎರಡನ್ನೂ ಒಯ್ಯಿರಿ. "ಪಥ್ಯ ಮಾಡದೆಯೇ ಇಷ್ಟು ಕಿಲೋ ಇಳಿದಿದ್ದೇನೆ" ಎಂದು ನೀವಾಗಿಯೇ ಹೇಳಿ, ಏಕೆಂದರೆ ಗದ್ದಲದ ಓಪಿಡಿಯಲ್ಲಿ ಅದನ್ನು ಕೇಳುವಷ್ಟು ಪುರುಸೊತ್ತು ಅವರಿಗೆ ಇಲ್ಲದಿರಬಹುದು.