ಬೂದು ಅಕ್ಷರಗಳ ಮುಂದೆ ಅಮ್ಮ

ಜಯನಗರದ ನಮ್ಮ ಮನೆಯಲ್ಲಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ಅಮ್ಮ ಕಳೆದ ವಾರ ಬಿಲ್ಲೊಂದನ್ನು ತಾವೇ ಆನ್‌ಲೈನ್‌ನಲ್ಲಿ ಕಟ್ಟಲು ಕುಳಿತು, ಅರ್ಧ ಗಂಟೆಯ ನಂತರ ಫೋನನ್ನು ನನ್ನ ಕೈಗಿತ್ತರು. ಬಿಳಿಯ ಹಿನ್ನೆಲೆಯ ಮೇಲೆ ತಿಳಿ ಬೂದು ಬಣ್ಣದಲ್ಲಿದ್ದ ಸೂಚನೆಗಳು ಅವರಿಗೆ ಕಾಣಿಸಿರಲೇ ಇಲ್ಲ. ಜಾಲತಾಣಗಳ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯೂ3ಸಿ, ಅವು ಎಲ್ಲರಿಗೂ ಬಳಸಲು ಬರುವಂತಿರಲೆಂದು ರೂಪಿಸಿರುವ ಮಾರ್ಗಸೂಚಿಯ ಎಎ ಹಂತದ (ಮೂರು ಹಂತಗಳಲ್ಲಿ ನಡುವಿನದು) ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ವ್ಯತ್ಯಾಸ, ಕನಿಷ್ಠ 4.5:1 ಇರಬೇಕು, ಅದನ್ನು ಅಳೆಯುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಫಾರ್ಮ್. ಏನನ್ನು ತುಂಬಬೇಕೆಂಬ ಸೂಚನೆಯನ್ನು ಖಾನೆಯೊಳಗೇ ಬರೆದಿದ್ದುದರಿಂದ, ಅಮ್ಮ ಟೈಪ್ ಮಾಡಲು ತೊಡಗಿದೊಡನೆ ಅದು ಮಾಯವಾಗುತ್ತಿತ್ತು. ತಪ್ಪಾದಾಗ ಖಾನೆಯ ಅಂಚು ಕೆಂಪಾಗುತ್ತಿತ್ತೇ ಹೊರತು, ತಪ್ಪೇನೆಂದು ತಿಳಿಸುವ ಒಂದು ಸಾಲೂ ಇರಲಿಲ್ಲ. ಬಣ್ಣಗುರುಡು ಇರುವವರಿಗೆ ಆ ಬದಲಾವಣೆಯೇ ತಿಳಿಯದೆ ಹೋಗಬಹುದು. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವವರಿಗಂತೂ ಬರಿಯ ಬಣ್ಣ ಏನನ್ನೂ ಹೇಳದು. ಕೊನೆಯಲ್ಲಿ, ಬಳಸುತ್ತಿರುವುದು ಯಂತ್ರವಲ್ಲ ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳಲು ಬಂದ ಕ್ಯಾಪ್ಚಾದ ಸೊಟ್ಟ ಅಕ್ಷರಗಳನ್ನು, ಕಣ್ಣು ನೆಟ್ಟಗಿರುವ ನಾನೇ ಎರಡು ಸಲ ತಪ್ಪಾಗಿ ಓದಿದೆ. (ಕನ್ನಡದ ಗುಂಡಿಯನ್ನು ಒತ್ತಿದಾಗ ಕನ್ನಡವಾದದ್ದು ತಲೆಬರಹವೊಂದೇ.)

ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಅಮ್ಮ ಮಾತ್ರ ಮುಂದಿನ ತಿಂಗಳಿನಿಂದ ಕೌಂಟರ್‌ಗೇ ಹೋಗುವುದಾಗಿ ತೀರ್ಮಾನಿಸಿದ್ದಾರೆ.