ಕಾರ್ಬಿನ್ಸ್ ಕೋವ್‌ನ ಹಗೇವು

ಅಂಡಮಾನಿನ ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ನಮ್ಮೂರು ಬಿಜಾಪುರ ಹತ್ತು ವರ್ಷ ಮೊದಲೇ ವಿಜಯಪುರ ಆಗಿದೆ. ಅಮ್ಮನಿಗೆ ಇದು ಭಾರಿ ತಮಾಷೆ. "ಇಷ್ಟು ದೂರ ವಿಮಾನದಾಗ ಬಂದು ಮತ್ತ ವಿಜಯಪುರದಾಗ ಇಳದ್ವೇನೋ?" ಅಂದರು.

ಊರಿಂದ ಆರೇಳು ಕಿಲೋಮೀಟರ್ ಹೋದರೆ ಕಾರ್ಬಿನ್ಸ್ ಕೋವ್. ಪುಟ್ಟ ಬೀಚು, ತೆಂಗಿನ ಸಾಲು, ಎದುರಿಗೊಂದು ಚಿಕ್ಕ ದ್ವೀಪ. ಆದರೆ ಬೀಚಿಗೆ ಮುಂಚೆಯೇ ಆಟೋದವನು ನಿಲ್ಲಿಸಿದ. ರಸ್ತೆ ಬದಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿ ಕಾಂಕ್ರೀಟಿನ ಗೂಡು. ಜಪಾನಿಯರ ಬಂಕರ್.

ತಲೆ ಬಗ್ಗಿಸಿ ಒಳಗೆ ಹೋದೆ. ತಂಪು, ಕತ್ತಲು, ಮುಗ್ಗಲು ವಾಸನೆ. ಬಂದೂಕು ಇಡುವ ಸೀಳುಗಂಡಿಯಿಂದ ಬೆಳಕು ಬರುತ್ತಿತ್ತು. ಗಂಡಿಗೆ ಕಣ್ಣಿಟ್ಟರೆ ಅಷ್ಟು ದೊಡ್ಡ ಸಮುದ್ರ ಒಂದು ನೀಲಿ ಪಟ್ಟಿ ಅಷ್ಟೇ. ಅಮ್ಮ ಬಾಗಿಲಲ್ಲೇ ನಿಂತು, "ನಮ್ಮ ಹಗೇವು ಇದ್ದಂಗ ಐತಲ್ಲೋ" ಅಂದರು. ಜೋಳ ತುಂಬಿಡುವ ನೆಲಮಾಳಿಗೆಯ ಹಗೇವಿಗೆ ಚಿಕ್ಕಂದಿನಲ್ಲಿ ಇಳಿದವರು ಅವರು.

ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಇಲ್ಲಿಗೆ ಬಂದದ್ದು 1942ರ ಮಾರ್ಚ್ 23ಕ್ಕೆ. ಬ್ರಿಟಿಷರ ಸೇನೆ ಅಷ್ಟರಲ್ಲೇ ಜಾಗ ಖಾಲಿ ಮಾಡಿತ್ತು. ಹಾಗಾಗಿ ಯುದ್ಧವೇ ಇಲ್ಲದೆ ದ್ವೀಪ ಕೈಗೆ ಬಂತು. ಬಿಟ್ಟವರು ವಾಪಸ್ ಬಂದೇ ಬರುತ್ತಾರೆ ಅಂತ ಕರಾವಳಿಯುದ್ದಕ್ಕೂ ಬಂಕರ್ ಕಟ್ಟಿ ಕಾದರು. ವಿಮಾನ ಬಂದು ಬಾಂಬ್ ಹಾಕಿತು, ಆದರೆ ದಂಡು ಬಂದು ದಡಕ್ಕೆ ಇಳಿಯಲೇ ಇಲ್ಲ. ಜಪಾನ್ ಸೋತ ಮೇಲೆ, 1945ರ ಅಕ್ಟೋಬರಿನಲ್ಲಿ, ಇಲ್ಲಿದ್ದವರೂ ಶರಣಾದರು. ಮೂರೂವರೆ ವರ್ಷ ಈ ಗಂಡಿಯಲ್ಲಿ ಸುಮ್ನೆ ನೀಲಿ ಪಟ್ಟಿ ನೋಡಿದ್ದೇ ಬಂತು.

ಸುಮ್ನೆ ಅಂದೆ. ಕಾದವರಿಗೆ ಮಾತ್ರ ಅದು ಸುಮ್ನೆ. ಊರಿನವರನ್ನು ಹಿಡಿದು ಬಿಟ್ಟಿ ಕೆಲಸ ಮಾಡಿಸಿದರು. ಗೂಢಚಾರರು ಅಂತ ಅನುಮಾನ ಬಂದವರನ್ನು ಸೆಲ್ಯುಲರ್ ಜೈಲಿಗೆ ಹಾಕಿ ಹಿಂಸಿಸಿದರು. 1944ರ ಜನವರಿ 30ರಂದು ಹಂಫ್ರಿಗಂಜ್‌ನಲ್ಲಿ 44 ಜನರನ್ನು ಒಂದೇ ಸಲ ಗುಂಡಿಟ್ಟು ಕೊಂದರು.

ಹೊರಗೆ ಬಂದು ಎಳನೀರು ಕುಡಿಯುವಾಗ ಅಮ್ಮ ಕೇಳಿದರು, "ಅವರೆಲ್ಲಾ ಉಣ್ಣಾಕ ಏನು ಮಾಡತಿದ್ದರು?"

ಕೊನೆಗೆ ಅದೇ ಇರಲಿಲ್ಲ. ಹೊರಗಿಂದ ಹಡಗು ಬರುವುದು ನಿಂತು ಕಾಳು ಮುಗಿಯುತ್ತಾ ಬಂತು. ಉಣ್ಣುವ ಬಾಯಿ ಕಡಿಮೆ ಮಾಡಲು 1945ರಲ್ಲಿ ನೂರಾರು ಜನರನ್ನು ಹಡಗಿಗೆ ಹತ್ತಿಸಿದರು. ದೂರದ ದ್ವೀಪದ ಹತ್ತಿರ ಸಮುದ್ರಕ್ಕೆ ದೂಡಿದರು. ಈಜಿ ದಡ ಸೇರಿದವರಲ್ಲೂ ಹೆಚ್ಚಿನವರು ಹಸಿವಿನಿಂದ ಸತ್ತರು.

ಆ ದ್ವೀಪ ಹ್ಯಾವ್ಲಾಕ್. ಅಮ್ಮನಿಗೆ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿಗೇ ನಮ್ಮ ಹಡಗಿನ ಟಿಕೆಟ್ ಆಗಿತ್ತು.