ಮೂರು ಮುಡಿ ಅಕ್ಕಿಯ ಕೇಸು

ನಮ್ಮ ಅಜ್ಜನ ಮೇಲೆ ಅಕ್ಕಿ ಕಳ್ಳಸಾಗಣೆಯ ಕೇಸಿತ್ತು. ಕಾಸರಗೋಡಿನ ಪೆರ್ಲದ ಕಡೆ ಅವರನ್ನು ಕಂಡಿದ್ದವರು ಇದನ್ನು ನಂಬಲಿಕ್ಕಿಲ್ಲ. ಬೇರೆಯವರ ತೋಟದಲ್ಲಿ ಬಿದ್ದ ಅಡಿಕೆಯನ್ನೂ ಹೆಕ್ಕದ ಮನುಷ್ಯ.

ಮನೆ ತೋಡಿನ (ಸಣ್ಣ ಹಳ್ಳದ) ಈಚೆ, ಗದ್ದೆ ಆಚೆ, ಅಡ್ಯನಡ್ಕದ ದಿಕ್ಕಿಗೆ. 1956ರ ನವೆಂಬರ್ 1ರ ಮೊದಲು ಎರಡೂ ದಕ್ಷಿಣ ಕನ್ನಡವೇ. ಆಮೇಲೆ ಮನೆ ಕೇರಳ, ಗದ್ದೆ ಮೈಸೂರು. ಆಗಲೂ ಕೆಲವು ವರ್ಷ ಯಾರೂ ಕೇಳಲಿಲ್ಲ. ಅರವತ್ತರ ದಶಕದ ನಡುವೆ ಪ್ರತಿ ರಾಜ್ಯವೂ ತನ್ನ ಅಕ್ಕಿಗೆ ಬೇಲಿ ಹಾಕಿತು. ಈಚೆ ರೇಷನ್ ಅಂಗಡಿಯ ಮುಂದೆ ಸಾಲು, ಆಚೆ ನಮ್ಮದೇ ಗದ್ದೆಯ ಅಕ್ಕಿ.

ಮುಡಿ ಎಂದರೆ ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದಲೇ ಬಿಗಿದ ಅಕ್ಕಿಯ ಗುಂಡು. ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಬಚ್ಚಿಡಲು ಅದರಷ್ಟು ಕೆಟ್ಟ ವಸ್ತು ಇನ್ನೊಂದಿಲ್ಲ. ಹೊತ್ತು ನಡೆದರೆ ದೂರದಿಂದ ಎರಡು ತಲೆಯ ಮನುಷ್ಯನ ಹಾಗೆ ಕಾಣಿಸುತ್ತದೆ ಎನ್ನುತ್ತಿದ್ದರು ಅಜ್ಜಿ. ಗೋಣಿಗೆ ತುಂಬಿಸಿ ಎಂದು ಹೇಳಿಯೂ ಇದ್ದರಂತೆ. ಅಜ್ಜ ಕೇಳಲಿಲ್ಲ. ಮೂವರು ಆಳು, ಮೂರು ಮುಡಿ, ಎಲ್ಲರ ಮುಂದೆ ಉರಿಯುವ ಸೂಟೆ ಹಿಡಿದ ಅಜ್ಜ. (ಸೂಟೆ ಬೀಸಿಕೊಂಡು ಕಳ್ಳಸಾಗಣೆಗೆ ಹೊರಟವರು ಲೋಕದಲ್ಲಿ ಇವರೊಬ್ಬರೇ ಇರಬೇಕು.) ತೋಡಿನ ಕಾಲುಸಂಕಕ್ಕೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಪೊಲೀಸರು ಎದುರಾದರು. ಮೈಸೂರಿನ ಪೊಲೀಸರು.

ಮುಡಿಗಳು ಹೋದವು. ಆಚೆಯ ಕೋರ್ಟಿಗೆ ನಾಲ್ಕು ಸಲ ಅಲೆದ ಮೇಲೆ ಮೂವತ್ತು ರೂಪಾಯಿ ದಂಡ. ಅದನ್ನು ಅಜ್ಜ ಸಹಿಸಿಕೊಂಡರು. ಸಹಿಸಲಾಗದ್ದು ಒಂದು ಪದ. ಕಾಸರಗೋಡು ಮೈಸೂರಿಗೆ ಸೇರಬೇಕೆಂದು ಎಲ್ಲಿ ಸಭೆಯಾದರೂ ನಡೆದೇ ಹೋಗುತ್ತಿದ್ದವರು ಅವರು. ಅವರನ್ನು ಕೋರ್ಟಿನ ಕಾಗದ, ಅದೂ ಶುದ್ಧ ಕನ್ನಡದಲ್ಲಿ, ‘ಹೊರರಾಜ್ಯದ ನಿವಾಸಿ’ ಎಂದು ಕರೆದಿತ್ತು.

1967ರಲ್ಲಿ, ರಾಜ್ಯಗಳ ಗಡಿ ವಿವಾದ ವಿಚಾರಿಸಲು ನೇಮಕವಾಗಿದ್ದ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟಿತು. ಪೇಪರು ಓದಿ ಅಜ್ಜ ಅಡುಗೆಮನೆಯ ಬಾಗಿಲಿಗೆ ಬಂದು, ‘ಇನ್ನು ನನ್ನ ಕೇಸು ಬಿದ್ದುಹೋಯಿತು’ ಎಂದರಂತೆ. ದಂಡ ಕಟ್ಟಿ ಎಷ್ಟೋ ಕಾಲವಾಗಿತ್ತು. ವರದಿ ಜಾರಿಗೆ ಬರಲಿಲ್ಲ.

ನಮ್ಮ ಮನೆಯಲ್ಲಿ ಕಥೆ ಇಲ್ಲಿಗೆ ಮುಗಿಯುತ್ತಿತ್ತು: ತನ್ನ ಗದ್ದೆಯ ಅಕ್ಕಿಯನ್ನು ತನ್ನ ಮನೆಗೆ ತಂದು ಕಳ್ಳನಾದ ಅಜ್ಜ. ನಾನೂ ಹಾಗೆಯೇ ಹತ್ತಾರು ಜನರಿಗೆ ಹೇಳಿದ್ದೇನೆ. ಕಳೆದ ಮಳೆಗಾಲ ಅಟ್ಟ ಸೋರಿದಾಗ ಅಜ್ಜನ ಲೆಕ್ಕದ ಪುಸ್ತಕಗಳನ್ನು ಕೆಳಗಿಳಿಸಿದೆವು. ಒಂದರಲ್ಲಿ ಹೀಗಿತ್ತು: ‘ಮುಡಿ 3. ನಮ್ಮದು 1.’ ಅದರ ಕೆಳಗೆ ನೆರೆಯ ಎರಡು ಮನೆಗಳ ಹೆಸರು, ಎರಡಕ್ಕೂ ಎದುರಿಗೆ ‘ದಂಡದ ಪಾಲು 10 ರೂ.’ ಒಂದಕ್ಕೆ ಗೆರೆ ಎಳೆದಿದೆ. ಇನ್ನೊಂದಕ್ಕೆ ಇಲ್ಲ. ಗೆರೆ ಇಲ್ಲದ್ದು, ನಾನು ಹುಟ್ಟುವ ಮೊದಲಿನಿಂದಲೂ ನಮಗೂ ಅವರಿಗೂ ಮಾತಿಲ್ಲದ ಮನೆ. ಜಗಳ ಕಾಲುದಾರಿಯದ್ದು ಎಂದೇ ನನಗೆ ಹೇಳಿದ್ದರು.

ಪುಸ್ತಕವನ್ನು ಚಿಕ್ಕಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಬಡ್ಡಿ ಸೇರಿಸಿದರೆ ಈಗ ಎಷ್ಟಾಗುತ್ತದೆ, ನೋಡು’ ಎಂದರು.